ಮನೆಯೊಳಗಣ ಲಿಫ್ಟು

ಆದವಾನಿಯಲ್ಲಿ ಈಗ ಮಹಡಿಯ ಮೇಲೆ ಮಹಡಿ ಏಳುತ್ತಿವೆ. ಮೊಣಕಾಲು ನೋವಿನ ಅಜ್ಜಿಯರಿಗೆ ಮೆಟ್ಟಿಲೇ ಬೆಟ್ಟವಾಗಿದೆ. ಆದಕಾರಣ ಮನೆಯೊಳಗೆ ಲಿಫ್ಟು ಕೂಡಿಸುವ ವಿಚಾರವನ್ನು ಕೊಂಚ ತಿಳಿಯೋಣ.

ಬಾವಿಯ ರಾಟೆಯನ್ನು ಕಂಡವರಿಗೆ ಇದರ ತತ್ತ್ವವು ಹೊಸದಲ್ಲ. ಒಂದೇ ಹಗ್ಗದ ಎರಡು ತುದಿಗಳಿಗೆ ಕೊಡಗಳನ್ನು ಕಟ್ಟಿದರೆ, ಇಳಿಯುವ ಕೊಡವು ಏರುವುದಕ್ಕೆ ನೆರವಾಗುವುದಷ್ಟೆ. ಹಾಗೆಯೇ ಉಕ್ಕಿನ ಹಗ್ಗದ ಒಂದು ತುದಿಗೆ ಜನರು ನಿಲ್ಲುವ ಗೂಡನ್ನೂ ಮತ್ತೊಂದಕ್ಕೆ ಸರಿದೂಗುವ ಭಾರವನ್ನೂ ಕಟ್ಟುವರು. ಉಳಿದ ವ್ಯತ್ಯಾಸವನ್ನು ಮಾತ್ರ ವಿದ್ಯುತ್ ಮೋಟಾರು ಎಳೆಯುವುದು. ಎಣ್ಣೆಯ ಒತ್ತಡದಿಂದ ಏರುವ ಬಗೆಯೂ ಉಂಟು.

ಹಗ್ಗ ಹರಿದರೆ? ಈ ಭಯವನ್ನು 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲೀಷಾ ಓಟಿಸನು ಕಳೆದನು. ಮೇಲೇರಿದ ಅಟ್ಟಣೆಯ ಮೇಲೆ ತಾನೇ ನಿಂತು, ಹಗ್ಗವನ್ನು ಜನರೆದುರಿಗೇ ಕಡಿಸಿದನು. ಪಕ್ಕದ ಹಲ್ಲುಕಂಬಿಗಳಲ್ಲಿ ಕೊಕ್ಕೆಗಳು ಸಿಕ್ಕಿ ಅಟ್ಟಣೆಯು ನಿಂತಿತು.

ನಮಗಾದರೋ ಬಾಗಿಲಿನ ಭಯವೇ ಹೆಚ್ಚು. ಹೊರಬಾಗಿಲಿಗೂ ಗೂಡಿನ ಬಾಗಿಲಿಗೂ ನಡುವೆ 4 ಅಂಗುಲಕ್ಕಿಂತ ಹೆಚ್ಚು ಎಡೆಯಿದ್ದರೆ ಚಿಕ್ಕ ಮಕ್ಕಳು ಅಲ್ಲಿ ಸಿಲುಕಬಹುದು. ಅಮೇರಿಕದಲ್ಲಿ ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡುದುಂಟು. ತಂದೆತಾಯಿಗಳು ಅಳತೆಪಟ್ಟಿಯಿಂದ ಸ್ವತಃ ಅಳೆದು ನೋಡಬೇಕು. ಗೂಡು ಬಂದು ನಿಲ್ಲುವವರೆಗೆ ಹೊರಬಾಗಿಲು ತೆರೆಯಲೇ ಕೂಡದು.

ಕಲ್ಲುಮಣ್ಣಿನ ಹಳೆಯ ಮನೆಯಾದರೆ ಎಂಜಿನಿಯರರನ್ನು ಕೇಳದೆ ಮಾಳಿಗೆಯನ್ನು ಕೊರೆಯಬಾರದು; ಹಿತ್ತಲಿನ ಗೋಡೆಗೆ ಹೊರಗಿನಿಂದ ನಿಲ್ಲಿಸುವುದೇ ಲೇಸು. ಕರೆಂಟು ಹೋದಾಗ ಗೂಡನ್ನು ಸಮೀಪದ ಮಹಡಿಗೆ ತಲಪಿಸುವ ಬ್ಯಾಟರಿ ಇದೆಯೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.