ಅಂತರಜಾಲದಲ್ಲಿ ದಾರಿ ಹೇಳುವವರು ಯಾರು?

ನೀವು ಗಣಕದಲ್ಲಿ ಒಂದು ಜಾಲತಾಣವನ್ನು ತೆರೆಯಲು ಹೊರಟಿದ್ದೀರಿ. ನಿಮ್ಮ ಕೋರಿಕೆ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹಲವು ಸಂಸ್ಥೆಗಳ ಜಾಲಗಳನ್ನು ದಾಟಿ ಗುರಿ ಮುಟ್ಟುತ್ತದೆ. ಈ ಜಾಲಗಳಿಗೆಲ್ಲ ಒಬ್ಬ ಯಜಮಾನನಿಲ್ಲ. ಹಾಗಾದರೆ ದಾರಿ ತಿಳಿಯುವುದು ಹೇಗೆ?

ಒಂದೇ ಆಡಳಿತಕ್ಕೆ ಒಳಪಟ್ಟ ಜಾಲಕ್ಕೆ ಸ್ವಾಯತ್ತ ವ್ಯವಸ್ಥೆ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. ಇವುಗಳ ಗಡಿಯಲ್ಲಿರುವ ರೌಟರುಗಳು 'ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್', ಅಂದರೆ ಬಿಜಿಪಿ ಎಂಬ ನಿಯಮಾವಳಿಯಂತೆ ಸುದ್ದಿ ವಿನಿಮಯ ಮಾಡಿಕೊಳ್ಳುತ್ತವೆ. 'ಈ ವಿಳಾಸಗಳು ನನ್ನಲ್ಲಿವೆ' ಎಂದು ಒಂದು ಜಾಲ ಸಾರುತ್ತದೆ. ನೆರೆಯ ಜಾಲ ತನ್ನ ಸಂಖ್ಯೆಯನ್ನೂ ಸೇರಿಸಿ ಮುಂದಿನವರಿಗೆ ತಿಳಿಸುತ್ತದೆ. ಈ ಸಂಖ್ಯೆಗಳ ಸರಣಿಯೇ ದಾರಿ. ಸರಣಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ರೌಟರು ಆ ಸುದ್ದಿಯನ್ನು ಕೈಬಿಡುತ್ತದೆ. ಇಲ್ಲವಾದರೆ ಪೊಟ್ಟಣಗಳು ಗಾಣದೆತ್ತಿನಂತೆ ಸುತ್ತಬೇಕಾದೀತು.

ಚಿಕ್ಕ ದಾರಿಯನ್ನೇ ಆರಿಸಬೇಕೆಂಬ ಕಟ್ಟಳೆಯಿಲ್ಲ. ತಾನು ಹಣ ತೆರಬೇಕಾದ ಹತ್ತಿರದ ದಾರಿಗಿಂತ, ತನಗೆ ಹಣ ಕೊಡುವ ಗಿರಾಕಿಯ ಮೂಲಕ ಹೋಗುವ ಬಳಸುದಾರಿಯೇ ಜಾಲಕ್ಕೆ ಲೇಸಾಗಬಹುದು. ಇಲ್ಲಿ ಗಣಿತಕ್ಕಿಂತ ವ್ಯವಹಾರದ ಮಾತೇ ಹೆಚ್ಚು ನಡೆಯುತ್ತದೆ!

1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ತಂತ್ರಜ್ಞರು ಊಟದ ಹೊತ್ತಿನಲ್ಲಿ, ಕೈ ಒರೆಸುವ ಕಾಗದದ ಮೇಲೆ ಬಿಜಿಪಿಯ ಮೊದಲ ರೂಪವನ್ನು ಗೀಚಿದರು. ಬಂದ ಸುದ್ದಿ ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ.

2008ರ ಫೆಬ್ರವರಿ 24ರಂದು ಇದರ ಪರಿಣಾಮ ಜಗತ್ತಿಗೆ ಕಂಡಿತು. ಯೂಟ್ಯೂಬನ್ನು ದೇಶದೊಳಗೆ ತಡೆಯುವಂತೆ ಪಾಕಿಸ್ತಾನದಲ್ಲಿ ಸರ್ಕಾರದ ಆದೇಶವಾಗಿತ್ತು. ಅದರಂತೆ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬಿನ 256 ವಿಳಾಸಗಳು ತನ್ನಲ್ಲಿವೆ ಎಂದು ಸಾರಿತು. ಒಳಗೇ ಉಳಿಯಬೇಕಿದ್ದ ಆ ಸುದ್ದಿ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಜಾಲದ ಮೂಲಕ ಹೊರಗೆ ಹರಡಿತು. ಯೂಟ್ಯೂಬ್ ತಾನೇ ಸಾರುತ್ತಿದ್ದುದು 1,024 ವಿಳಾಸಗಳ ಗುಂಪನ್ನು. ರೌಟರು ಯಾವಾಗಲೂ ಹೆಚ್ಚು ನಿರ್ದಿಷ್ಟವಾದ ಸುದ್ದಿಯನ್ನೇ ನಂಬುತ್ತದೆ. 'ಈ ತಾಲ್ಲೂಕಿನ ಪತ್ರಗಳು ಅತ್ತ, ಅದರಲ್ಲಿ ಈ ಊರಿನವು ಮಾತ್ರ ಇತ್ತ' ಎಂದರೆ ಅಂಚೆಯವರು ಮಾಡುವುದೂ ಹಾಗೆಯೇ ತಾನೆ? ಹೀಗಾಗಿ ಲೋಕದ ಬಹುಭಾಗದಿಂದ ಯೂಟ್ಯೂಬಿಗೆ ಹೊರಟ ಪೊಟ್ಟಣಗಳು ಪಾಕಿಸ್ತಾನದತ್ತ ನಡೆದು ಅಲ್ಲಿ ಲಯವಾದವು. ಸುಮಾರು 80 ನಿಮಿಷಗಳ ನಂತರ ಯೂಟ್ಯೂಬ್ ಸಹ ಅದೇ 256ರ ಗುಂಪನ್ನು ಸಾರಿತು. ಎರಡೂ ಸಮಬಲವಾದ್ದರಿಂದ ಕೆಲವು ಜಾಲಗಳಷ್ಟೇ ಮರಳಿದವು. ಆಗ ಅದನ್ನು 128ರ ಎರಡು ಹೋಳು ಮಾಡಿ ಸಾರಿತು. ತಪ್ಪು ಸುದ್ದಿಯನ್ನು ಪಿಸಿಸಿಡಬ್ಲ್ಯು ಹಿಂತೆಗೆಯುವ ವೇಳೆಗೆ ಎರಡು ಗಂಟೆಗಳು ಮೀರಿದ್ದವು.

ಯಾವ ವಿಳಾಸಗಳನ್ನು ಯಾವ ಸಂಖ್ಯೆಯ ಜಾಲ ಸಾರಬಹುದು ಎಂಬುದಕ್ಕೆ ಈಗ ಗೂಢಲಿಪಿಯ ಸಹಿಯುಳ್ಳ ಪ್ರಮಾಣಪತ್ರಗಳಿವೆ. ಸುದ್ದಿ ಪಡೆದ ಜಾಲ ಅವುಗಳನ್ನು ಪರೀಕ್ಷಿಸಿದರೆ ಇಂಥ ಸಾರಿಕೆ ತಿರಸ್ಕೃತವಾಗುತ್ತದೆ. ಆದರೆ ಈ ಪತ್ರ ಹೇಳುವುದು ದಾರಿಯ ಕೊನೆಯಲ್ಲಿ ಯಾರಿರಬೇಕೆಂಬುದನ್ನು ಮಾತ್ರ. ನಡುವಿನ ಸರಣಿಯ ವಿಷಯದಲ್ಲಿ ನೆರೆಯವರ ಮಾತೇ ಇಂದಿಗೂ ಆಧಾರ.