ಜಿಲೇಬಿ ಮೀನು ತುಂಬಿದ ಕೆರೆಗೆ ಮದ್ದೇನು?

ಬಿತ್ತಿದ್ದು ಕಾಟ್ಲಾ, ರೋಹು. ಬಲೆಗೆ ಬೀಳುವುದು ಅಂಗೈಯಗಲದ ಜಿಲೇಬಿ. ಏಕೆ? 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಈ ತಿಲಾಪಿಯಾ, ಮೊಟ್ಟೆ-ಮರಿಗಳನ್ನು ಬಾಯೊಳಗೇ ಇಟ್ಟು ಕಾಯುತ್ತದೆ. ಹಾಗಾಗಿ ಹೆಚ್ಚಿನ ಮರಿಗಳು ಉಳಿಯುತ್ತವೆ, ಕೆಲವೇ ತಿಂಗಳಲ್ಲಿ ಅವೂ ತಾಯಾಗುತ್ತವೆ. ಮೇವು ಸಾಲದೆ ಜಿಲೇಬಿಯೂ ಗಿಡ್ಡಾಗುತ್ತದೆ, ಕಾಟ್ಲಾವೂ ಸೊರಗುತ್ತದೆ.

ಇನ್ನಷ್ಟು ಕಾಟ್ಲಾ ಮರಿ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಪಂಕ್ತಿಗೆ ಎಲೆ ಹೆಚ್ಚಿಸಿದರೆ ಅನ್ನ ಹೆಚ್ಚುವುದಿಲ್ಲ. ಬಡವರ ಅಗ್ಗದ ಮೀನನ್ನು ಕಿತ್ತುಕೊಳ್ಳುತ್ತೀರಾ ಎಂಬ ಪ್ರಶ್ನೆಯೂ ನ್ಯಾಯವೇ. ಕಿತ್ತುಕೊಳ್ಳುವುದು ಬೇಡ; ಹೆಚ್ಚು ಹಿಡಿದು ತಿನ್ನುವುದೇ ಮದ್ದು. ಕಣಕಟ್ಟೆಯಂಥ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಗೆ ಕೆರೆ ತಗ್ಗಿದಾಗ ಬಲೆ ಎಳೆಯಿರಿ, ಸಿಕ್ಕ ಜಿಲೇಬಿ ಎಷ್ಟೇ ಸಣ್ಣದಿರಲಿ, ನೀರಿಗೆ ಮರಳಿ ಬಿಡಬೇಡಿ. ಮಳೆಗೆ ಕೆರೆ ತುಂಬಿದ ಮೇಲೆ ಬೆರಳುದ್ದ ಬಲಿತ ಕಾಟ್ಲಾ ಮರಿಗಳನ್ನೇ ಬಿತ್ತಿ.