ಹಠಮಾರಿ ಮಗುವಿಗೆ ಏಟೇ ಮದ್ದಾ? ಈ ಮನಶ್ಶಾಸ್ತ್ರಜ್ಞ ಹೇಳೋದೇ ಬೇರೆ

ಹೋಂವರ್ಕ್ ಅಂದ್ರೆ ಪುಸ್ತಕ ಎಸೆಯೋದು, ಮೊಬೈಲ್ ಕಿತ್ಕೊಂಡ್ರೆ ನೆಲದಲ್ಲಿ ಹೊರಳಾಡೋದು, ಶಾಲೆಯಲ್ಲಿ ಪಕ್ಕದವರಿಗೆ ಹೊಡೆಯೋದು. ಇಂಥ ಮಕ್ಕಳನ್ನು ಕಂಡರೆ ‘ಸಲುಗೆ ಜಾಸ್ತಿಯಾಯ್ತು, ನಾಲ್ಕು ಬಿಟ್ರೆ ಸರಿ ಹೋಗ್ತಾನೆ’ ಅನ್ನೋರೇ ಹೆಚ್ಚು. ಏಟಿನಿಂದ ಇದು ಸರಿ ಹೋಗಲ್ಲ ಎಂದು ದಶಕಗಳಿಂದ ಹೇಳುತ್ತಾ ಬಂದಿರುವವರು ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಡಾ. ರಾಸ್ ಗ್ರೀನ್.

ಯಾರಿವರು?

ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಬೋಧಕರಾಗಿದ್ದವರು. 1998ರಲ್ಲಿ ಬಂದ ‘ದಿ ಎಕ್ಸ್‌ಪ್ಲೋಸಿವ್ ಚೈಲ್ಡ್’ ಪುಸ್ತಕ ಹೆಸರು ತಂದುಕೊಟ್ಟಿತು. 2008ರಲ್ಲಿ ಶಾಲೆಗಳಿಗಾಗಿ ‘ಲಾಸ್ಟ್ ಅಟ್ ಸ್ಕೂಲ್’ ಬರೆದರು. ಮರುವರ್ಷ ‘ಲೈವ್ಸ್ ಇನ್ ದ ಬ್ಯಾಲೆನ್ಸ್’ ಎಂಬ ಸೇವಾ ಸಂಸ್ಥೆ ಕಟ್ಟಿದರು. ಮಕ್ಕಳನ್ನು ಒತ್ತಿ ಹಿಡಿಯೋದು, ಕೋಣೆಯಲ್ಲಿ ಕೂಡಿಹಾಕೋದು, ಶಾಲೆಯಿಂದ ಹೊರಗೆ ಹಾಕೋದು ನಿಲ್ಲಬೇಕು ಅನ್ನೋದು ಈ ಸಂಸ್ಥೆಯ ಹೋರಾಟ.

ವಾದ ಏನು?

ಮಗುವಿಗೆ ಮನಸ್ಸಿಲ್ಲ ಅಂತಲ್ಲ, ಕೈಲಾಗ್ತಿಲ್ಲ. ಸಿಟ್ಟು ತಡೆಯೋದು, ಹೊಂದಿಕೊಳ್ಳೋದು, ಸಮಸ್ಯೆಗೆ ದಾರಿ ಹುಡುಕೋದು ಕೂಡ ಕಲಿಯಬೇಕಾದ ವಿದ್ಯೆಗಳೇ. ಓದಲು ಬಾರದ ಮಗುವಿಗೆ ಹೊಡೆದರೆ ಅಕ್ಷರ ಬರುತ್ತಾ? ಇದೂ ಹಾಗೇ.

ಮಾಡೋದು ಹೇಗೆ?

ಮೂರು ಹೆಜ್ಜೆ. ಮೊದಲು ಮಗುವಿನ ಮಾತು ಕೇಳಬೇಕು. ಆಮೇಲೆ ದೊಡ್ಡವರು ತಮ್ಮ ಕಾಳಜಿ ಹೇಳಬೇಕು. ಕೊನೆಗೆ ಇಬ್ಬರಿಗೂ ಒಪ್ಪುವ ದಾರಿ ಹುಡುಕಬೇಕು. ಉದಾಹರಣೆಗೆ, ‘ಹೋಂವರ್ಕ್ ಬರೆಯೋಕೆ ಕಷ್ಟ ಆಗ್ತಿದೆ ಅಲ್ವಾ, ಏನಾಯ್ತು ಪುಟ್ಟಾ?’ ಅಂತ ಕೇಳಿದಾಗ ‘ಲೆಕ್ಕ ಗೊತ್ತು, ಬರೆದು ಬರೆದು ಕೈ ನೋಯುತ್ತೆ’ ಅನ್ನಬಹುದು. ಹಾಗಾದರೆ ಅರ್ಧ ಬರೆಯೋದು, ಅರ್ಧ ಬಾಯಲ್ಲಿ ಹೇಳೋದು ಅಂತ ಟೀಚರ್ ಜತೆ ಮಾತಾಡಬಹುದು.

ಈ ಮಾತು ರಂಪಾಟದ ಹೊತ್ತಿನಲ್ಲಿ ಬೇಡ. ಗಲಾಟೆ ಯಾವಾಗ ಆಗುತ್ತೆ ಅನ್ನೋದು ಮನೆಯವರಿಗೆ ಹೆಚ್ಚಾಗಿ ಮೊದಲೇ ಗೊತ್ತಿರುತ್ತೆ. ಹಾಗಾಗಿ ಮಗು ಶಾಂತವಾಗಿದ್ದಾಗಲೇ ಕೂರಬೇಕು. ಎಲ್ಲ ಸಮಸ್ಯೆ ಒಟ್ಟಿಗೆ ಹಿಡಿಯದೆ, ಒಂದೆರಡನ್ನು ಆರಿಸಿಕೊಂಡು ಉಳಿದದ್ದನ್ನು ಸದ್ಯಕ್ಕೆ ಬದಿಗಿಡಬೇಕು.

ಇದು ಸಲುಗೆ ಅಲ್ವಾ?

ಅಲ್ಲ. ದೊಡ್ಡವರ ಮಾತಿಗೂ ಇಲ್ಲಿ ಅಷ್ಟೇ ತೂಕ. ಆದರೆ ತಾಳ್ಮೆ ಬೇಕು, ಮೊದಲ ಸಲವೇ ದಾರಿ ಸಿಗುತ್ತೆ ಅಂತಿಲ್ಲ.

ನಮ್ಮಲ್ಲಿ ಏನಿದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಮಗುವಿನ ವರ್ತನೆ ಕೈಮೀರುತ್ತಿದೆ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.